ಒಂಬತ್ತು ಚಿಲಕಗಳ ಕ್ರಾಂತಿ

ಕಾಲೇಜನ್ನು ಎರಡು ತಿಂಗಳು ಅಲ್ಲಾಡಿಸಿ, ಪತ್ರಿಕೆಯ ಮುಖಪುಟಕ್ಕೇರಿ, ಒಂದು ವಿಚಾರಣಾ ಸಮಿತಿಯನ್ನೂ ಹುಟ್ಟಿಸಿದ ಕ್ರಾಂತಿ ಶುರುವಾದದ್ದು ಹೆಣ್ಣುಮಕ್ಕಳ ಹಾಸ್ಟೆಲಿನ ಬಚ್ಚಲುಮನೆಯಲ್ಲಿ. ಅಲ್ಲಿ ಹನ್ನೆರಡು ಬಚ್ಚಲುಮನೆಗಳಿದ್ದವು. ಒಂಬತ್ತಕ್ಕೆ ಒಳಗಿನ ಚಿಲಕವಿರಲಿಲ್ಲ. ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹಿಡಿಯುವವಳು ಸಿಗದಿದ್ದರೆ, ಒಳಗೆ ಜನವಿದೆ ಎಂದು ತಿಳಿಯಲಿ ಅಂತ ಒಳಗಿದ್ದವಳು ಹಾಡು ಹೇಳುತ್ತಲೇ ಸ್ನಾನ ಮುಗಿಸಬೇಕು. ಹೀಗಾಗಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಹಾಸ್ಟೆಲಿನಿಂದ ಸಂಗೀತ ಕೇಳಿಬರುತ್ತಿತ್ತು. ಬೀದಿಯಲ್ಲಿ ಹೋಗುವವರು, ಹುಡುಗಿಯರು ಎಷ್ಟು ಸಂತೋಷವಾಗಿದ್ದಾರೆ ಎಂದುಕೊಳ್ಳುತ್ತಿದ್ದರು.

ಮೂರು ಸಲ ಅರ್ಜಿ ಹೋಗಿತ್ತು. ಮೂರೂ ಸೇರಿ ಒಂದು ಕಡತವಾಗಿತ್ತು. ಆ ಕಡತ ಹನ್ನೊಂದು ತಿಂಗಳಿಂದ ಪ್ರಾಂಶುಪಾಲರ ಮೇಜಿನ ಮೇಲೆ, ಹೂದಾನಿ ಅಲ್ಲಾಡದಂತೆ ಅದರ ಕೆಳಗೆ ಆಧಾರವಾಗಿ ಕೂತಿತ್ತು.

ಕಡೆಗೆ ಹಾಸ್ಟೆಲಿನ ಕಾರ್ಯದರ್ಶಿಯಾಗಿದ್ದ ಹುಡುಗಿ ಒಂದು ಅರ್ಧ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಕಾಲೇಜಿನ ಗೇಟಿನ ಪಕ್ಕದ ಟೈಪಿಂಗ್ ಅಂಗಡಿಗೆ ಬಂದಳು. ಕೊನೆಯ ವರ್ಷದ ವಿಜ್ಞಾನದ ವಿದ್ಯಾರ್ಥಿನಿ, ದಪ್ಪ ಕನ್ನಡಕ, ಮಾತು ಕಡಿಮೆ. ಹಾಳೆಯಲ್ಲಿ ಇದ್ದದ್ದು ಇಷ್ಟು: ಗೆಳತಿಯರೇ, ನಮ್ಮ ಒಂಬತ್ತು ಬಚ್ಚಲುಮನೆಗಳಿಗೆ ಚಿಲಕವಿಲ್ಲ. ಮೂರು ಅರ್ಜಿ ಕೊಟ್ಟಿದ್ದೇವೆ. ಹನ್ನೊಂದು ತಿಂಗಳಾದರೂ ಉತ್ತರ ಬಂದಿಲ್ಲ. ಸೋಮವಾರ ಹತ್ತು ಗಂಟೆಗೆ ಆಫೀಸಿನ ಮುಂದೆ ಸೇರೋಣ. ಇನ್ನೂರು ಪ್ರತಿ ಬೇಕು, ಸೋಮವಾರ ಬೆಳಿಗ್ಗೆ ಬಂದು ಒಯ್ಯುತ್ತೇನೆ ಎಂದು ಹೇಳಿ ಕ್ಲಾಸಿಗೆ ಓಡಿದಳು.

ಅವಳು ಬೇರೆ ಅಂಗಡಿಗೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆ ಅಂಗಡಿಯವರನ್ನು ಇಡೀ ಬೀದಿ ‘ತಿದ್ದುಪಡಿಯವರು’ ಎಂದು ಕರೆಯುತ್ತಿತ್ತು. ವಯಸ್ಸು ಐವತ್ತೆರಡು. ಕಾಲೇಜಿನ ಕಾಂಪೌಂಡು ಗೋಡೆಗೆ ಅಂಟಿಕೊಂಡ ಒಂದು ಕೋಣೆ, ಅದರಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಯಂತ್ರ, ಗಿರಾಕಿಗೆ ಒಂದು ಸ್ಟೂಲು. ಕೋಣೆ ಕಾಲೇಜಿನದು, ಬಾಡಿಗೆ ಇವರದು. ಇವರಲ್ಲಿ ಕೆಟ್ಟ ಚಟ ಯಾವುದೂ ಇರಲಿಲ್ಲ, ಒಂದನ್ನು ಬಿಟ್ಟು. ಕೊಟ್ಟದ್ದನ್ನು ಕೊಟ್ಟಂತೆ ಟೈಪ್ ಮಾಡುವುದು ಇವರಿಂದ ಆಗುತ್ತಿರಲಿಲ್ಲ. ಸಾದಾ ವಾಕ್ಯವನ್ನು ಕಂಡರೆ, ಬಟ್ಟೆಯಿಲ್ಲದ ಮಗುವನ್ನು ಚಳಿಯಲ್ಲಿ ಕಂಡಂತೆ ಇವರ ಕರುಳು ಚುರುಕ್ ಎನ್ನುತ್ತಿತ್ತು. ಒಮ್ಮೆ ಬ್ಯಾಂಕಿನ ಗುಮಾಸ್ತನೊಬ್ಬ ‘ಜ್ವರ ಬಂದಿದೆ, ಎರಡು ದಿನ ರಜೆ ಬೇಕು’ ಎಂದು ಬರೆದುಕೊಟ್ಟಿದ್ದ. ಇವರು ಅದನ್ನು ‘ಜ್ವರಾಗ್ನಿಯಲ್ಲಿ ಬೆಂದು, ಇಹದ ಆಸೆಯನ್ನು ಒಂದೊಂದಾಗಿ ಬಿಡುತ್ತಿರುವ ನಾನು’ ಎಂದು ಮಾಡಿದ್ದರು. ಮ್ಯಾನೇಜರು ಗಾಬರಿಯಾಗಿ ಇಬ್ಬರನ್ನು ಜತೆಗೆ ಕರೆದುಕೊಂಡು ಮನೆಗೆ ಹೋದಾಗ ಗುಮಾಸ್ತ ಜಗಲಿಯಲ್ಲಿ ಕೇರಂ ಆಡುತ್ತಿದ್ದ. ಇಷ್ಟಾದರೂ ಗಿರಾಕಿಗಳು ಬರುತ್ತಿದ್ದರು. ಇವರ ಬರವಣಿಗೆಯಲ್ಲಿ ಅಕ್ಷರತಪ್ಪು ಇರುತ್ತಿರಲಿಲ್ಲ, ಮತ್ತು ಅಂಕಿಗಳನ್ನು ಇವರು ಮುಟ್ಟುತ್ತಿರಲಿಲ್ಲ. ಅಂಕಿಯನ್ನು ತಿದ್ದುವುದು ಮೋಸ, ಮಾತನ್ನು ತಿದ್ದುವುದು ಉಪಕಾರ ಎಂಬುದು ಇವರ ನಂಬಿಕೆಯಾಗಿತ್ತು.

ಹುಡುಗಿಯ ನಾಲ್ಕು ಸಾಲು ನೋಡಿ ಇವರಿಗೆ ಸಂಕಟವಾಯಿತು. ‘ಗೆಳತಿಯರೇ’ ಎಂಬಲ್ಲಿಂದಲೇ ಉಸಿರಿಲ್ಲ. ಹಿಂದಿನ ದಿನವಷ್ಟೇ ಒಂದು ಮದುವೆ ಕಾಗದಕ್ಕೆ ‘ಬಾಳಸಂಗಾತಿ’ ಎಂಬ ಮಾತು ಹಾಕಿ ಇವರು ಬಹಳ ಮೆಚ್ಚಿಕೊಂಡಿದ್ದರು. ಅದರ ಬಾಲದಲ್ಲಿದ್ದ ಅರ್ಧವನ್ನು ಇಲ್ಲಿಗೆ ತಂದು ‘ಸಂಗಾತಿಗಳೇ’ ಎಂದು ಕೂರಿಸಿದರು. ಆ ಮಾತಿನಿಂದ ಯಾರು ಯಾರನ್ನು ಕರೆಯುತ್ತಾರೆ, ಯಾವ ಸಭೆಯಲ್ಲಿ ಕರೆಯುತ್ತಾರೆ ಎಂಬುದು ಇವರಿಗೆ ಗೊತ್ತಿರಲಿಲ್ಲ. ಇವರು ಹೋಗುತ್ತಿದ್ದದ್ದು ಮದುವೆಗಳಿಗೆ ಮಾತ್ರ. ಸಂಬೋಧನೆ ಸಿಕ್ಕಿದ ಮೇಲೆ ಮುಂದಿನದು ತಾನಾಗಿ ಹರಿಯಿತು. ‘ಆಳುವವರಿಗೆ ಚಿಲಕವುಂಟು, ಆಳಿಸಿಕೊಳ್ಳುವವರಿಗೆ ಬರಿಯ ಬಾಗಿಲು. ಹನ್ನೊಂದು ತಿಂಗಳ ಮೌನವನ್ನು ಸೋಮವಾರ ಹತ್ತು ಗಂಟೆಗೆ ಮುರಿಯೋಣ. ಚಿಲಕ ಬೀಳುವತನಕ ವಿರಮಿಸೆವು.’ ಪ್ರಿಂಟ್ ತೆಗೆಯುವಾಗ ಕಪ್ಪು ಶಾಯಿ ಮುಗಿದಿತ್ತು. ಮದುವೆ ಕಾಗದದ ಕೆಂಪು ಉಳಿದಿತ್ತು. ಇನ್ನೂರನ್ನೂ ಕೆಂಪಿನಲ್ಲೇ ಹೊಡೆದರು.

ಸೋಮವಾರ ಬೆಳಿಗ್ಗೆ ಹುಡುಗಿ ಬಂದು ಮೊದಲನೆಯ ಹಾಳೆಯನ್ನು ಓದಿದಳು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಓದಿದಳು.

“ಅಂಕಲ್, ನಾನು ಬರ್ದಿದ್ದು ಇದಲ್ಲ.”

“ವಿಷಯ ಅದೇ ಕಣಮ್ಮ. ಸ್ವಲ್ಪ ಉಸಿರು ತುಂಬಿದೀನಿ ಅಷ್ಟೆ.”

ಹತ್ತು ಗಂಟೆಗೆ ಹತ್ತು ನಿಮಿಷವಿತ್ತು. ಅವಳು ಕಟ್ಟನ್ನು ಎತ್ತಿಕೊಂಡು ಹೋದಳು.

ಮೂವತ್ತು ಹುಡುಗಿಯರು ಬರಬಹುದು ಎಂದು ಅವಳು ಎಣಿಸಿದ್ದಳು. ಮುನ್ನೂರು ಜನ ಸೇರಿದರು. ಬಚ್ಚಲುಮನೆಗೂ ತಮಗೂ ಸಂಬಂಧವೇ ಇಲ್ಲದ ಹುಡುಗರೂ ಬಂದರು, ಏಕೆಂದರೆ ‘ಆಳುವವರಿಗೆ ಚಿಲಕವುಂಟು’ ಎಂಬುದನ್ನು ಗುಂಪಾಗಿ ಕೂಗಲು ಚೆನ್ನಾಗಿತ್ತು. ಪ್ರಾಂಶುಪಾಲರು ಒಳಗಿನಿಂದ ಚಿಲಕ ಹಾಕಿಕೊಂಡರು. ಇದನ್ನು ಕಿಟಕಿಯಿಂದ ನೋಡಿದ ಹುಡುಗರು ಇನ್ನೂ ಜೋರಾಗಿ ಕೂಗಿದರು.

ಪ್ರಾಂಶುಪಾಲರು ಕೆಟ್ಟವರಲ್ಲ, ದುರಸ್ತಿಗೆ ಹೆದರುವವರು. ಒಂದು ಚಿಲಕಕ್ಕೆ ಕೈ ಹಾಕಿದರೆ ಬಾಗಿಲು, ಬಾಗಿಲಿನಿಂದ ಗೋಡೆ, ಗೋಡೆಯಿಂದ ಇಡೀ ಕಟ್ಟಡ ತಮ್ಮ ತಲೆಯ ಮೇಲೆ ಬರುತ್ತದೆ ಎಂಬುದು ಅವರ ಅನುಭವ. ಕರಪತ್ರ ಓದುತ್ತಾ ‘ಒಂಬತ್ತು ಬಚ್ಚಲುಮನೆ’ ಎಂಬಲ್ಲಿಗೆ ಬಂದಾಗ ಅವರ ಮುಖ ಬಾಡಿತು. ಆದರೆ ಮತ್ತೆ ಮೇಲಿಂದ ಓದಿದಾಗ ‘ಸಂಗಾತಿಗಳೇ’ ಎಂಬ ಕಮ್ಯುನಿಸ್ಟರ ಸಂಬೋಧನೆ ಕಣ್ಣಿಗೆ ಬಿದ್ದು, ಮುಖ ಅರಳಿತು. ಇದು ಚಿಲಕದ ವಿಷಯವೇ ಅಲ್ಲ. ಇದರ ಹಿಂದೆ ಕೈಗಳಿವೆ. ಹಿಂದೆ ಕೈಗಳಿದ್ದ ಮೇಲೆ ಮುಂದೆ ಇರುವ ಬಾಗಿಲನ್ನು ಯಾರೂ ಕೇಳುವುದಿಲ್ಲ.

ಮರುದಿನದ ಪತ್ರಿಕೆಯಲ್ಲಿ ‘ಕ್ಯಾಂಪಸ್ಸಿನಲ್ಲಿ ಕೆಂಪು ನೆರಳು’ ಎಂಬ ತಲೆಬರಹ ಬಂತು. ಬೀದಿ ತನ್ನ ಕೈಲಾದಷ್ಟು ಹೆದರಿತು. ಎದುರಿನ ಕ್ಷೌರದಂಗಡಿಯವನು ಕೆಂಪು ಟವೆಲುಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದ. ಸೈಕಲ್ ರಿಪೇರಿಯವನು ‘ಗಾಳಿ’ ಎಂದು ಕೆಂಪಿನಲ್ಲಿ ಬರೆದಿದ್ದ ಬೋರ್ಡನ್ನು ರಾತ್ರೋರಾತ್ರಿ ನೀಲಿ ಮಾಡಿಸಿದ. ಅಂಚೆಯಣ್ಣ ಮಾತ್ರ, ತನ್ನ ಪೆಟ್ಟಿಗೆ ಸರ್ಕಾರವೇ ಬಳಿಸಿದ ಕೆಂಪು, ಅದಕ್ಕೆ ತಾನು ಜವಾಬ್ದಾರನಲ್ಲ ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದ.

ಇಷ್ಟಕ್ಕೇ ನಿಂತಿದ್ದರೆ ಒಂದು ವಾರದಲ್ಲಿ ಎಲ್ಲ ಮರೆಯುತ್ತಿದ್ದರು. ಆದರೆ ಹುಡುಗಿಯರು ವಕೀಲರ ಬಳಿ ಹೋದರು.

ಕೋರ್ಟಿನ ಹಿಂಭಾಗದ ಒಂದು ಕೋಣೆಯಲ್ಲಿ ಮೂವರು ವಕೀಲರು ಸೇರಿ ಬಡವರಿಗೆ ಬಿಟ್ಟಿಯಾಗಿ ಕೇಸು ನಡೆಸುತ್ತಿದ್ದರು. ಮೂವರಿಗೆ ಒಂದು ಫ್ಯಾನು, ಎರಡು ಕುರ್ಚಿ. ಅವರಲ್ಲಿ ಚಿಕ್ಕವರಾದ ವಕೀಲೆ ಕಾಲೇಜಿಗೆ ಒಂದು ನೋಟಿಸು ಬರೆದರು. ಅವರ ಪ್ರಿಂಟರು ಕೆಟ್ಟಿತ್ತು. ಹತ್ತಿರದಲ್ಲಿದ್ದದ್ದು ತಿದ್ದುಪಡಿಯವರ ಅಂಗಡಿ. ವಕೀಲೆ ಸಂಜೆ ಬಂದು, ಸೆಕ್ಷನ್ನುಗಳ ಅಂಕಿಗಳು ಸರಿಯಾಗಿವೆಯೇ ಎಂದಷ್ಟೇ ನೋಡಿ, ಸಹಿ ಹಾಕಿ ಅಂಚೆಗೆ ಕೊಟ್ಟರು. ಅಂಕಿಗಳು ಸರಿಯಾಗಿಯೇ ಇದ್ದವು. ಅಂಕಿಗಳ ನಡುವೆ ‘ನನ್ನ ಕಕ್ಷಿದಾರರು’ ಎಂದು ಇದ್ದಲ್ಲೆಲ್ಲ ‘ಬಾಗಿಲಿಲ್ಲದ ಬದುಕಿನ ನನ್ನ ಸಂಗಾತಿಗಳು’ ಎಂದಾಗಿತ್ತು. ಕೊನೆಯಲ್ಲಿ ‘ಇತಿ’ ಎಂಬುದರ ಜಾಗದಲ್ಲಿ ‘ಚಿಲಕ ಬೀಳುವತನಕ ವಿರಮಿಸೆವು’ ಎಂದು ಇತ್ತು.

ಪ್ರಾಂಶುಪಾಲರು ಕರಪತ್ರವನ್ನೂ ನೋಟಿಸನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಕೂತರು. ಇಲ್ಲಿ ವಿದ್ಯಾರ್ಥಿಗಳು, ಅಲ್ಲಿ ವಕೀಲರು, ಎರಡಕ್ಕೂ ಒಂದೇ ಲೇಖನಿ. ಒಬ್ಬ ಸೂತ್ರಧಾರ ಎಲ್ಲೋ ಕೂತು ಎರಡೂ ಕಡೆಯ ದಾರ ಎಳೆಯುತ್ತಿದ್ದಾನೆ. ಆಡಳಿತ ಮಂಡಳಿ ಕೂಡಲೇ ವಿಚಾರಣಾ ಸಮಿತಿ ನೇಮಿಸಿತು. ಅಧ್ಯಕ್ಷರು ಒಬ್ಬ ನಿವೃತ್ತ ನ್ಯಾಯಾಧೀಶರು. ಸದಸ್ಯರು ಇಬ್ಬರು: ಸ್ವತಃ ಪ್ರಾಂಶುಪಾಲರು, ಮತ್ತು ಮಂಡಳಿಯ ಕಡೆಯಿಂದ ಒಬ್ಬ ಬಟ್ಟೆ ವ್ಯಾಪಾರಿ, ಇವರು ಇಡೀ ವಿಚಾರಣೆಯಲ್ಲಿ ಬಿಸ್ಕತ್ತಿನ ತಟ್ಟೆಯ ಕಡೆ ಹೆಚ್ಚು ಗಮನ ಕೊಟ್ಟರು.

ಸಮಿತಿಗೆ ಒಬ್ಬ ನಂಬಿಕಸ್ಥ ಟೈಪಿಸ್ಟ್ ಬೇಕಾಯಿತು. ಕಾಲೇಜಿನ ಸಿಬ್ಬಂದಿ ಆಗದು, ಅವರಿಗೂ ಸೋಂಕು ತಗುಲಿರಬಹುದು. ರಾಜಕೀಯದ ಗಂಧಗಾಳಿ ಇಲ್ಲದ, ಬಾಯಿ ಬಿಡದ ಒಬ್ಬ ಮನುಷ್ಯ ಬೇಕು ಎಂದರು ನ್ಯಾಯಾಧೀಶರು. ಕಾಲೇಜು ಆಫೀಸಿನ ಸೂಪರಿಂಟೆಂಡೆಂಟು ಮುಂದೆ ಬಂದು, ಅಂಥವರೊಬ್ಬರು ಇದ್ದಾರೆ, ನಮ್ಮ ಅಕ್ಕನ ಯಜಮಾನರೇ ಎಂದ. ಹೀಗೆ ಭಾಮೈದನ ಶಿಫಾರಸಿನಿಂದ ತಿದ್ದುಪಡಿಯವರು ತಮ್ಮನ್ನೇ ಹುಡುಕುವ ಸಮಿತಿಯ ಮೂಲೆಯ ಮೇಜಿಗೆ ಬಂದು ಕೂತರು.

ಮೊದಲ ದಿನ ನ್ಯಾಯಾಧೀಶರು ಕರಪತ್ರವನ್ನು ಗಟ್ಟಿಯಾಗಿ ಓದಿದರು. ನಲವತ್ತು ವರ್ಷ ಸಾಕ್ಷಿಗಳ ಒಣ ಹೇಳಿಕೆ ಕೇಳಿದ ಕಿವಿ ಅದು. ಓದಿ ಮುಗಿಸಿ, ಇದನ್ನು ಬರೆದವನು ಸಾಮಾನ್ಯನಲ್ಲ ಎಂದರು. ಮೂಲೆಯ ಮೇಜಿನಲ್ಲಿ ತಿದ್ದುಪಡಿಯವರ ಕೈ ಕೀಲಿಗಳ ಮೇಲೆ ನಿಂತುಹೋಯಿತು. ಇದೇ ಕಾಲೇಜಿನಲ್ಲಿ ಎರಡು ಸಲ ಡುಮ್ಕಿ ಹೊಡೆದವರು ಇವರು. ಪತ್ರಿಕೆಗಳಿಗೆ ಕಳಿಸಿದ ಹನ್ನೊಂದು ಕವಿತೆಗಳೂ ಮರಳಿ ಬಂದಿದ್ದವು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಕಣ್ಣೀರು.

ಬರೆದವನು ಓದಿಕೊಂಡವನಿರಬೇಕು ಎಂದು ಬರೆದುಕೊಳ್ಳಿ ಅಂದರು ನ್ಯಾಯಾಧೀಶರು. ತಿದ್ದುಪಡಿಯವರು ಬರೆದುಕೊಂಡರು: ‘ಬರೆದವರು ಬಹಳ ಓದಿಕೊಂಡವರೂ, ಭಾಷೆಯ ಮೇಲೆ ಅಪಾರ ಹಿಡಿತವುಳ್ಳವರೂ, ನೋಡಲು ಸಹ ಗಂಭೀರರೂ ಆಗಿರಬೇಕು.’ ಸಂಜೆ ಪ್ರತಿ ನೋಡುವಾಗ ನ್ಯಾಯಾಧೀಶರಿಗೆ ಒಂದು ಅನುಮಾನ ಬಂತು. ಕಾಗದ ಓದಿ ಮುಖ ಹೇಗಿದೆ ಎಂದು ತಾವು ಹೇಳಿದ್ದು ಅವರಿಗೆ ನೆನಪಿರಲಿಲ್ಲ. ಬಟ್ಟೆ ವ್ಯಾಪಾರಿಗಳು ಬಿಸ್ಕತ್ತು ನುಂಗಿ, ಹೇಳಿದ್ರಿ ಸಾರ್, ನನಗೂ ಹಾಗೇ ಅನ್ನಿಸಿತು ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ತಿದ್ದುಪಡಿಯವರು ಹೆಂಡತಿಗೆ ಮಾತ್ರ ವಿಷಯ ಹೇಳಿದರು. ಆಕೆ ದೊಡ್ಡಾಸ್ಪತ್ರೆಯಲ್ಲಿ ನರ್ಸು. ದಿನವಿಡೀ ಜನ ತಮ್ಮ ಕಾಯಿಲೆಯನ್ನು ದೊಡ್ಡದು ಮಾಡಿ ಹೇಳುವುದನ್ನು ಕೇಳಿ ಕೇಳಿ ಯಾವುದಕ್ಕೂ ಹುಬ್ಬೇರಿಸುತ್ತಿರಲಿಲ್ಲ. ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಾ, ಅಸಾಮಾನ್ಯರೇ, ಆ ಕಡೆ ತುದಿ ಸ್ವಲ್ಪ ಹಿಡ್ಕೊಳ್ಳಿ ಎಂದಳು.

ಎರಡನೆಯ ವಾರ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಗಳನ್ನು ಸಾಕ್ಷಿಗೆ ಕರೆಸಿದರು. ಊರಿನ ಪಕ್ಷ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಸದಸ್ಯರು ನಾಲ್ಕು ಜನ, ಅವರಲ್ಲಿ ಒಬ್ಬರಿಗೆ ಕಿವಿ ಕೇಳದು. ಕಾರ್ಯದರ್ಶಿಗಳು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ನಿವೃತ್ತರಾದ ಎಪ್ಪತ್ತು ದಾಟಿದ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಅವರ ಮೇಲೆ ಯಾರೂ ಯಾವ ಆರೋಪವನ್ನೂ ಹೊರಿಸಿರಲಿಲ್ಲ. ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು.

ಈ ಚಳವಳಿ ನಿಮ್ಮ ಪ್ರಭಾವದಿಂದ ನಡೆದದ್ದೇ ಎಂದು ನ್ಯಾಯಾಧೀಶರು ಕೇಳಿದರು. ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬಹುದೇ ಎಂದರು. ಕೇಳಿದಾಗ ಕಣ್ಣು ಮುಚ್ಚಿ ಆಲಿಸಿದರು. ಪ್ರಭಾವವಿಲ್ಲ ಎಂದು ಬರೆದುಕೊಟ್ಟರೆ ನಿಮ್ಮನ್ನು ಬಿಡುತ್ತೇವೆ ಎಂದರು ಪ್ರಾಂಶುಪಾಲರು.

“ಪ್ರಭಾವ ಇಲ್ಲ ಅಂತ ನನ್ನ ಕೈಯಿಂದಾನೇ ಬರೆಸ್ಕೋತೀರಾ? ಬೇಕಾದ್ರೆ ಒಳಗೆ ಹಾಕಿ. ಅದೊಂದು ಮಾತ್ರ ಆಗಲ್ಲ.”

ಅಷ್ಟೇ ಅಲ್ಲ, ಆರೋಪದ ದೃಢೀಕೃತ ಪ್ರತಿಯೊಂದು ಬೇಕು, ಮೇಲಿನ ಕಚೇರಿಗೆ ಕಳಿಸಬೇಕು ಎಂದು ಅರ್ಜಿ ಕೊಟ್ಟರು. ಕಡೆಗೆ ಕರಪತ್ರವನ್ನು ಅವರ ಕೈಗಿತ್ತಾಗ ಮಾತ್ರ ಹಳೆಯ ಅಚ್ಚುಕೂಟದ ಪ್ರಾಮಾಣಿಕತೆ ಎದ್ದು ಬಂತು. ಓದಿ, ಎರಡನೆಯ ಸಲ ಓದಿ, ಬೇಸರದಿಂದ ತಲೆಯಾಡಿಸಿದರು. ಇದು ನಮ್ಮವರದಲ್ಲ ಎಂದರು. ನಮ್ಮವರು ಬರೆದಿದ್ದರೆ ನಾಲ್ಕು ಪುಟ ಇರುತ್ತಿತ್ತು, ಮೊದಲ ಎರಡು ಪುಟ ಜಾಗತಿಕ ಪರಿಸ್ಥಿತಿಗೆ ಹೋಗುತ್ತಿತ್ತು, ಚಿಲಕ ಬರುವುದು ಮೂರನೆಯ ಪುಟದ ಕೊನೆಗೆ, ಅಲ್ಲಿಯವರೆಗೆ ಓದುವವರು ಯಾರೂ ಇರುತ್ತಿರಲಿಲ್ಲ ಎಂದು ವಿವರಿಸಿದರು.

ಇದರಿಂದ ಸಮಿತಿಗೆ ಸಮಾಧಾನವಾಗುವ ಬದಲು ಭಯ ಹೆಚ್ಚಿತು. ಕಮ್ಯುನಿಸ್ಟರಿಗೇ ಗೊತ್ತಿಲ್ಲದ ಕಮ್ಯುನಿಸ್ಟ್ ಎಂದರೆ ಅದೆಷ್ಟು ಮೇಲಿನವನಿರಬೇಕು. ವರದಿ ಇಪ್ಪತ್ತು ಪುಟದಿಂದ ನಲವತ್ತಕ್ಕೆ, ನಲವತ್ತರಿಂದ ಅರವತ್ತೆರಡಕ್ಕೆ ಬೆಳೆಯಿತು. ಸೂತ್ರಧಾರ ವಿದೇಶದಲ್ಲಿ ಓದಿದ. ಐದು ಭಾಷೆ ಕಲಿತ. ತಿದ್ದುಪಡಿಯವರು ಪ್ರತಿ ಸಂಜೆ ಅವನಿಗೆ ಇನ್ನೊಂದು ಗುಣ ಸೇರಿಸಿ ಮನೆಗೆ ಹೋಗುತ್ತಿದ್ದರು. ಬೀದಿಯಲ್ಲಿ ಅವರ ನಡಿಗೆಯೇ ಬದಲಾಗಿತ್ತು.

ಮೂರನೆಯ ವಾರ ಆ ಹುಡುಗಿಯನ್ನು ಕರೆದರು.

ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಸುತ್ತ ನೋಡಿದಳು. ಮೂಲೆಯ ಮೇಜಿನಲ್ಲಿ ತಿದ್ದುಪಡಿಯವರು ಕಂಡರು. ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿದವು. ಇವರು ತಲೆ ತಗ್ಗಿಸಿ, ಇಲ್ಲದ ಧೂಳನ್ನು ಕೀಲಿಗಳ ಮೇಲಿಂದ ಒರೆಸತೊಡಗಿದರು.

ಕರಪತ್ರ ಬರೆದವರು ಯಾರು ಎಂದು ನ್ಯಾಯಾಧೀಶರು ಕೇಳಿದರು. ಚಿಲಕ ಬೇಕು ಎಂದದ್ದು ನಾನು ಎಂದಳು. ಅದಲ್ಲ, ಈ ಮಾತುಗಳು ಯಾರದ್ದು ಎಂದರು. ಹೆಸರು ಹೇಳದಿದ್ದರೆ ಒಂದು ವರ್ಷ ಹೊರಗೆ ಹಾಕಬೇಕಾಗುತ್ತದೆ, ಪರೀಕ್ಷೆಗೆ ಇನ್ನು ಮೂರೇ ವಾರ ಇದೆ ಎಂದು ಪ್ರಾಂಶುಪಾಲರು ನೆನಪಿಸಿದರು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

“ಗೊತ್ತು ಸಾರ್. ಹೇಳೋಕೆ ಇಷ್ಟ ಇಲ್ಲ. ಅವರಿಗೆ ಕಾಲೇಜಿನ ಬಾಡಿಗೆ ಜಾಗ ಬಿಟ್ರೆ ಬೇರೆ ಗತಿ ಇಲ್ಲ.”

ಸೂತ್ರಧಾರ ಕಾಲೇಜಿನ ಸುತ್ತಮುತ್ತಲೇ ಬಾಡಿಗೆಗಿದ್ದಾನೆ ಎಂದು ಪ್ರಾಂಶುಪಾಲರು ಉತ್ಸಾಹದಿಂದ ಬರೆದುಕೊಂಡರು. ತಿದ್ದುಪಡಿಯವರು ಅವಳ ಮಾತನ್ನು ಟೈಪ್ ಮಾಡಿದರು. ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಅಂಗಡಿ ಇಟ್ಟ ಇಪ್ಪತ್ತಾರು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಆಮೇಲೆ ಎಲ್ಲರೂ ಹೋದ ಮೇಲೆ ಒಬ್ಬರೇ ಕೂತು ವರದಿಯ ಹಿಂದಿನ ಪುಟಗಳನ್ನು ತಿರುವಿದರು, ಒಂದು ಕಡೆ ಒಂದು ಸಾಲು ಹಾಕಿ ಎದ್ದರು.

ಆ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಹುಡುಗಿ ತುಂಬಾ ಒಳ್ಳೆಯವಳು, ನನ್ನ ಹೆಸರು ಹೇಳಲೇ ಇಲ್ಲ ಎಂದರು. ಹೆಂಡತಿ ಟೀ ಲೋಟವನ್ನು ಇವರ ಮುಂದಿಟ್ಟಳು.

“ಅವಳೂ ಹೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ಅವಳು ಹೇಳದೇ ಇದ್ದಿದ್ದು ಬೇರೆ ಕಣ್ರೀ, ನೀವು ಹೇಳದೇ ಇದ್ದಿದ್ದು ಬೇರೆ.”

ತಿದ್ದುಪಡಿಯವರು ಟೀ ಕುಡಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಕೋರ್ಟಿನ ಹಿಂದಿನ ಕೋಣೆಗೆ ಹೋದರು. ವಕೀಲೆ ಇನ್ನೂ ಅಲ್ಲೇ ಇದ್ದರು. ಇವರು ನಿಂತುಕೊಂಡೇ ಇಡೀ ಕಥೆ ಒಪ್ಪಿಸಿದರು. ವಕೀಲೆ ತಾವು ಕಳಿಸಿದ ನೋಟಿಸಿನ ಪ್ರತಿಯನ್ನು ಕಪಾಟಿನಿಂದ ತೆಗೆದು, ಮೊದಲ ಸಲ ಅಂಕಿಗಳ ನಡುವಿನದನ್ನು ಓದಿದರು. ಓದುತ್ತಾ ಓದುತ್ತಾ ಅವರ ಕಿವಿ ಕೆಂಪಾಯಿತು. ವಿದೇಶದಿಂದ ಬೆಂಬಲ ಬರುತ್ತಿದೆ ಎಂದು ತಮ್ಮ ಗುಂಪಿನ ಮೇಲೆ ಪತ್ರಿಕೆ ಏಕೆ ಬರೆಯಿತು, ಮೂರನೆಯ ಕುರ್ಚಿ ಕೊಡಲು ಒಪ್ಪಿದ್ದವರು ಏಕೆ ಹಿಂದೆ ಸರಿದರು ಎಂಬುದೆಲ್ಲ ಅವರಿಗೆ ಒಟ್ಟಿಗೆ ಅರ್ಥವಾಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದರು. ಅಂದು ಸುಸ್ತಾದ ಮೇಲೆ, ಗುರುವಾರ ವರದಿಗೆ ಸಹಿ ಬೀಳುತ್ತದೆ, ಅದಕ್ಕೆ ಮೊದಲು ಇದನ್ನೇ ಸಮಿತಿಯ ಮುಂದೆ ಹೇಳುತ್ತೀರಾ ಎಂದು ಕೇಳಿದರು. ಅಂಗಡಿ ಹೋಗುತ್ತದೆ ಎಂದರು ತಿದ್ದುಪಡಿಯವರು. ಹೋಗಬಹುದು ಎಂದರು ವಕೀಲೆ. ಅವರು ಸುಳ್ಳು ಧೈರ್ಯ ಹೇಳುವವರಲ್ಲ.

ಗುರುವಾರ ತಿದ್ದುಪಡಿಯವರು ಮೂಲೆಯ ಮೇಜಿನಿಂದ ಎದ್ದು ಬಂದು ಸಾಕ್ಷಿಯ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ವಕೀಲೆ, ಹಿಂದಿನ ಬೆಂಚಿನಲ್ಲಿ ಹುಡುಗಿ. ಕರಪತ್ರ ಬರೆದವನು ನಾನು, ನೋಟಿಸು ಬರೆದವನೂ ನಾನು, ಹಿಂದೆ ಯಾರೂ ಇಲ್ಲ ಎಂದರು.

ಯಾರೂ ನಂಬಲಿಲ್ಲ.

ಪ್ರಾಂಶುಪಾಲರು ನಕ್ಕರು. ಬಟ್ಟೆ ವ್ಯಾಪಾರಿಗಳು ಇವರ ಮುಖವನ್ನು ನೋಡಿ, ಗಂಭೀರವಾಗಿ ಇಲ್ಲವಲ್ಲ ಎಂದು ವರದಿಯ ಒಂದನೆಯ ಪುಟವನ್ನು ತೋರಿಸಿದರು. ಬಾಗಿಲ ಬಳಿ ನಿಂತಿದ್ದ ಭಾಮೈದ ಓಡಿಬಂದು ಕೈ ಮುಗಿದು, ಭಾವನವರಿಗೆ ಆಗಾಗ ತಲೆ ತಿರುಗುತ್ತದೆ, ಮನೆಯಲ್ಲೂ ಹೀಗೇ ಏನೇನೋ ಒಪ್ಪಿಕೊಳ್ಳುತ್ತಾರೆ, ಮೊನ್ನೆ ಹಾಲು ಉಕ್ಕಿಸಿದ್ದು ತಾವೇ ಎಂದಿದ್ದರು, ಉಕ್ಕಿಸಿದ್ದು ಅಕ್ಕ ಎಂದು ಬೇಡಿಕೊಂಡ. ನ್ಯಾಯಾಧೀಶರಿಗೆ ಮಾತ್ರ ಸಿಟ್ಟು ಬಂದಿತ್ತು.

“ನಿಜ ಹೇಳಿ. ತಪ್ಪು ಹೊತ್ಕೊಳ್ಳೋಕೆ ಅವನು ನಿಮಗೇನು ಕೊಟ್ಟ?”

“ಯಾರು ಸಾರ್?”

“ಬರೆದವನು. ಅಂಥವನ ಬರಹ ನಿಮ್ಮಿಂದ ಆಗೋದಾ?”

ಅಂಗಡಿ ಹೋಗುವುದಕ್ಕೆ ತಿದ್ದುಪಡಿಯವರು ಸಿದ್ಧರಾಗಿ ಬಂದಿದ್ದರು. ಈ ಮಾತಿಗೆ ಸಿದ್ಧರಾಗಿರಲಿಲ್ಲ. ಆಗ ವಕೀಲೆ ಎದ್ದು, ಒಂದು ಪರೀಕ್ಷೆ ಮಾಡಿಬಿಡಿ ಎಂದರು. ಯಾವುದಾದರೂ ಒಂದು ಸಾದಾ ವಾಕ್ಯ ಹೇಳಿ, ಹೇಳಿದ್ದನ್ನು ಹೇಳಿದಂತೆಯೇ ಟೈಪ್ ಮಾಡಲಿ.

ನ್ಯಾಯಾಧೀಶರು ಹೇಳಿದರು: ಹಾಸ್ಟೆಲಿನ ನೀರಿನ ಟ್ಯಾಂಕನ್ನು ತಿಂಗಳಿಗೊಮ್ಮೆ ತೊಳೆಯತಕ್ಕದ್ದು.

ತಿದ್ದುಪಡಿಯವರು ಮೂಲೆಯ ಮೇಜಿಗೆ ಹೋದರು. ಹೇಳಿದಂತೆಯೇ ಹೊಡೆಯಬೇಕೆಂದು ಹಲ್ಲು ಕಚ್ಚಿಕೊಂಡರು. ಹಾಸ್ಟೆಲಿನ ಎಂದು ಹೊಡೆದರು, ಅಳಿಸಿದರು. ಮತ್ತೆ ಹೊಡೆದರು. ಹಣೆಯಲ್ಲಿ ಬೆವರು ಬಂತು. ಪ್ರಿಂಟರು ಗೊರಗೊರ ಎಂದು ಹಾಳೆ ಹೊರಹಾಕಿತು. ನ್ಯಾಯಾಧೀಶರು ಅದನ್ನು ಎತ್ತಿ ಓದಿದರು: ‘ತಿಂಗಳಿಗೊಮ್ಮೆಯಾದರೂ ಟ್ಯಾಂಕು ತನ್ನ ತಳವನ್ನು ತಾನು ಕಾಣುವಂತಾಗಲಿ.’

ಹಿಂದಿನ ಬೆಂಚಿನಲ್ಲಿ ಹುಡುಗಿ ಮೊದಲು ನಕ್ಕಳು. ಆಮೇಲೆ ವಕೀಲೆ. ಬಟ್ಟೆ ವ್ಯಾಪಾರಿಗಳು, ಇದೂ ಚೆನ್ನಾಗಿದೆ ಎಂದರು. ಪ್ರಾಂಶುಪಾಲರು ನಗಲಿಲ್ಲ. ಅವರ ಸೂತ್ರಧಾರ ಕಣ್ಣೆದುರೇ ಕರಗಿ, ಅವನಿದ್ದ ಜಾಗದಲ್ಲಿ ಒಂಬತ್ತು ಬಾಗಿಲುಗಳು ಮತ್ತೆ ನಿಂತಿದ್ದವು.

ನ್ಯಾಯಾಧೀಶರು ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದನೆಯ ಪುಟದಿಂದ ನಿಧಾನವಾಗಿ ಓದತೊಡಗಿದರು. ಅರವತ್ತೆರಡು ಪುಟ. ತಾವು ಹೇಳಿದ್ದು ಯಾವುದು, ಹೇಳಿದ್ದೆ ಎಂದು ನಂಬಿಕೊಂಡದ್ದು ಯಾವುದು ಎಂದು ಬೆರಳಿಟ್ಟು ಹುಡುಕಿದರು. ನಲವತ್ತೊಂದನೆಯ ಪುಟದಲ್ಲಿ ಅವರ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ವರದಿಯನ್ನು ಮುಚ್ಚಿ ತಮ್ಮ ಚೀಲಕ್ಕೆ ಹಾಕಿಕೊಂಡು, ಒಂದು ಬಿಳಿ ಹಾಳೆ ತೆಗೆದುಕೊಂಡು ಸ್ವಂತ ಕೈಯಿಂದ ಎರಡು ಸಾಲು ಬರೆದರು: ಒಂಬತ್ತು ಚಿಲಕ ಹಾಕಿಸತಕ್ಕದ್ದು. ವಿದ್ಯಾರ್ಥಿನಿಯನ್ನು ಪರೀಕ್ಷೆಗೆ ಕೂರಿಸತಕ್ಕದ್ದು. ತಿದ್ದುಪಡಿಯವರು ಅಭ್ಯಾಸಬಲದಿಂದ ಕೈ ಚಾಚಿದರು. ನ್ಯಾಯಾಧೀಶರು ಹಾಳೆಯನ್ನು ಎದೆಗೆ ಒತ್ತಿಕೊಂಡು, ಇದು ಹೀಗೇ ಇರಲಿ ಎಂದರು.

ಚಿಲಕಗಳು ಹತ್ತು ದಿನದಲ್ಲಿ ಬಂದವು. ಹುಡುಗಿ ಪರೀಕ್ಷೆ ಬರೆದಳು. ಸೂತ್ರಧಾರ ತಲೆಮರೆಸಿಕೊಂಡಿದ್ದಾನೆ ಎಂದು ಪತ್ರಿಕೆ ಬರೆದು, ಮರುದಿನದಿಂದ ಮಾರುಕಟ್ಟೆಯ ಚರಂಡಿಯ ಕಡೆ ತಿರುಗಿತು. ಪ್ರಾಂಶುಪಾಲರು ಅಂಗಡಿ ಖಾಲಿ ಮಾಡಿಸಲು ಹೊರಟರು. ಆದರೆ ಖಾಲಿ ಮಾಡಿಸಲು ಕಾರಣ ಬರೆಯಬೇಕಾಗಿತ್ತು, ಕಾರಣ ಬರೆದರೆ ಒಬ್ಬ ಟೈಪಿಸ್ಟಿಗಾಗಿ ಮೂರು ವಾರ ಸಮಿತಿ ಕೂತಿತ್ತು ಎಂದು ಬರೆಯಬೇಕಾಗಿತ್ತು. ಆ ಕಡತ ಇನ್ನೂ ತೆರೆದಿಲ್ಲ.

ಒಂದು ತಿಂಗಳ ಮೇಲೆ ಒಂದು ಬೆಳಿಗ್ಗೆ ನ್ಯಾಯಾಧೀಶರು ಒಬ್ಬರೇ ನಡೆದುಕೊಂಡು ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಮಡಿಸಿದ ಒಂದು ಹಾಳೆಯನ್ನು ತೆಗೆದರು. ವರದಿಯ ನಲವತ್ತೊಂದನೆಯ ಪುಟ. ಅದರಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದಿತ್ತು: ‘ಬಾಗಿಲು ಬಡಿದವರನ್ನು, ನಿಮ್ಮನ್ನು ಕಳಿಸಿದ್ದು ಯಾರು ಎಂದು ಕೇಳುವ ಮೊದಲು, ಬಾಗಿಲು ತೆರೆದು ಏನು ಬೇಕು ಎಂದು ಕೇಳುವವನೇ ನ್ಯಾಯಾಧೀಶ.’

ಹುಡುಗಿಯ ಸಾಕ್ಷ್ಯ ಮುಗಿದ ಸಂಜೆ ತಿದ್ದುಪಡಿಯವರು ಹಾಕಿ ಹೋದ ಸಾಲು ಅದು. ಅವರು ಬದುಕಿನಲ್ಲಿ ಬರೆದದ್ದರಲ್ಲಿ, ಇದು ಚೆನ್ನಾಗಿದೆ ಎಂದು ಅವರಿಗೆ ಅನುಮಾನವಿಲ್ಲದೆ ಅನ್ನಿಸಿದ್ದ ಒಂದೇ ಸಾಲು.

ನ್ಯಾಯಾಧೀಶರು ಗಂಟಲು ಸರಿಮಾಡಿಕೊಂಡರು. ಆ ವರದಿಯನ್ನು ಮನೆಯಲ್ಲಿ ಓದಿ ಹೇಳಿದ್ದಾಗಿ, ತಮ್ಮ ಹೆಂಡತಿ ಈ ಸಾಲು ಕೇಳಿ ಅಡುಗೆಮನೆಯಿಂದ ಎದ್ದು ಬಂದದ್ದಾಗಿ ಹೇಳಿದರು. ನಲವತ್ತು ವರ್ಷ ತೀರ್ಪು ಬರೆದರೂ ಆಕೆ ಎಂದೂ ಹಾಗೆ ಎದ್ದು ಬಂದಿರಲಿಲ್ಲ. ತಂಗಿಯರಿಗೆಲ್ಲ ಫೋನು ಮಾಡಿ ಹೇಳಿದ್ದಾಳೆ. ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕೋಣ ಎನ್ನುತ್ತಿದ್ದಾಳೆ. ಅದಕ್ಕೇ ಬಂದೆ ಎಂದರು. ಆಮೇಲೆ ಹಾಳೆಯನ್ನೇ ನೋಡುತ್ತಾ ಕೇಳಿದರು:

“ಇದು ನಾನು ಹೇಳಿದ್ದಾ, ನೀವು ಹಾಕಿದ್ದಾ?”

ತಿದ್ದುಪಡಿಯವರು ಸಾಲನ್ನು ನೋಡಿದರು. ನ್ಯಾಯಾಧೀಶರ ಮುಖವನ್ನು ನೋಡಿದರು.

“ನೀವೇ ಹೇಳಿದ್ದು ಸಾರ್. ನಾನು ಟೈಪ್ ಮಾಡಿದ್ದಷ್ಟೆ.”

ಪ್ರಿಂಟರಿಗೆ ಅಂದು ಕಪ್ಪು ಶಾಯಿ ತುಂಬಿಸಿಯೇ ಇತ್ತು. ತಿದ್ದುಪಡಿಯವರು ಸಾಲನ್ನು ದೊಡ್ಡದಾಗಿ ಹೊಡೆದು, ಕೆಳಗೆ ನ್ಯಾಯಾಧೀಶರ ಹೆಸರು ಹಾಕಿ, ದಪ್ಪ ಹಾಳೆಯಲ್ಲಿ ತೆಗೆದುಕೊಟ್ಟರು. ನ್ಯಾಯಾಧೀಶರು ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

“ಸುಳ್ಳು ಸಾಕ್ಷಿ ಹೇಳೋದು ನಿಮಗೆ ಬರಲ್ಲ ಕಣ್ರೀ,” ಎಂದರು. “ಆದ್ರೂ ದಾಖಲು ಮಾಡ್ಕೊಂಡಿದೀನಿ.”